ಒದ್ದದ್ದು ನಾನಲ್ಲ

ಪಾದದ ಮೇಲೆ ಯಾರದೋ ಬಿಸಿ ಕೈ, ಅದು ಎಡಗಾಲು, ಬಲಗಾಲಿಗೆ ಬಿಸಿಯಿಲ್ಲ ತಣ್ಣಗಿಲ್ಲ, ಆಸ್ಪತ್ರೆಯ ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲು, ಹೊರಗೆ ಅಫಜಲಪುರ ಅಫಜಲಪುರ ಎಂದು ಕೂಗುವ ಕಂಡಕ್ಟರ್, ಕಾಲ ಬಳಿ ಕೂತವನು ನನ್ನ ಗಂಡ ದೌಲತರಾಯ, ನನ್ನ ಕಾಲ ಬಳಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ನಾಲ್ಕು ದಿನದ ಹಿಂದೆ ನಿಂಬರ್ಗಾದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಬಲಗೈ ಹಿಟ್ಟಿನ ಮೇಲೇ ನಿಂತುಬಿಟ್ಟಿತು, ಬಾಯಿ ಸೊಟ್ಟಗಾಯಿತು, ನಾಲಿಗೆ ಹೊರಳಲಿಲ್ಲ, ಲಕ್ವಾ ಹೊಡೀತು ಎಂದು ಓಣಿಯೇ ಕೂಗಿತು, ಇಲ್ಲಿ ಡಾಕ್ಟರ್ ಜೀನತ ಕೇಳಿದರು, ಇವ್ರು ನಿದ್ದ್ಯಾಗ ಕಾಲ್ ಜಾಡಸ್ತಿದ್ರೇನ್ರಿ, ಜಾಡಸೋದೇನ್ರಿ ಮೇಡಂ, ಎಮ್ಮಿ ಒದ್ದಂಗ ಒದಿತಿದ್ಲು, ಎಂದ ಇವನು — ನಾಲಿಗೆ ಇದ್ದಿದ್ದರೆ ಹೇಳುತ್ತಿದ್ದೆ, ಒದ್ದದ್ದು ನಾನಲ್ಲ, ನಿದ್ದೆ, ಎಷ್ಟು ಸಲ ಹೇಳಲಿಲ್ಲ, ಅತ್ತೆ ಸಾಬವ್ವ ಬಿಟ್ಟಳೇ, ಗಂಡಗ ಕಾಲ್ ತಾಗಸ್ತೀಯೇನ್ ಬೇ ಸೊಕ್ಕಿನಾಕಿ, ಮುಟ್ಟಿ ಕಣ್ಣಿಗೊತ್ಕೋ, ದಿನಾ ಮುಂಜಾನೆ ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ, ಮಾಡದ ತಪ್ಪಿಗೆ, ಒಮ್ಮೆ ಹಳೆ ಸೀರೆಯಿಂದ ಎರಡೂ ಕಾಲು ಕಟ್ಟಿಕೊಂಡು ಮಲಗಿದೆ, ಕಟ್ಟಿನೊಳಗೇ ಜಾಡಿಸಿದವು, ಒದೆಸಿಕೊಂಡವನ ಮಾನ ಎಲ್ಲರಿಗೂ ಬೇಕಿತ್ತು, ಒದೆಯುವವಳಿಗೆ ಏನಾಗಿದೆ ಎಂದು ಯಾರು ಕೇಳಿದರು, ನಾನಾದರೂ ಕೇಳಿದೆನೇ.

ಅದೊಂದು ನಿದ್ದಿ ರೋಗರಿ, ಅರ್ಧ ನಿಮಿಷಕ್ಕೊಮ್ಮಿ ಕಾಲ್ ಜಗ್ತದ, ಜಗ್ಗಿದಾಗೆಲ್ಲಾ ಬಿ.ಪಿ. ಏರ್ತದ, ಲಕ್ವಾ ಅದರಿಂದನ ಆತು ಅಂತ ಹೇಳಾಕ ಬರಂಗಿಲ್ರಿ, ಆದ್ರ ಎರಡಕ್ಕೂ ನಂಟದ, ಎಂದರು ಜೀನತ — ಅರ್ಧ ನಿಮಿಷಕ್ಕೊಮ್ಮೆ! ನಾನು ಸತ್ತಂತೆ ಬಿದ್ದಿರುವಾಗ ಒಳಗೆ ಯಾರೋ ಎದ್ದು ಕೂತು ಕದ ಬಡಿಯುತ್ತಿದ್ದರು, ಕೇಳ್ರೋ ಕೇಳ್ರೋ ಎಂದು, ನೂರಾರು ಸಲ, ತೊಗರಿ ಕೊಯ್ದು ಹಣ್ಣಾದ ಇದೇ ಮೈಯೊಳಗೆ, ಎಷ್ಟು ದೊಡ್ಡದಪ್ಪಾ ಈ ಮೈ, ನಾನು ಕಾಲಿಡದ ಎಷ್ಟು ಕೋಣೆ ಇದರಲ್ಲಿ, ಬಲಗಾಲಿನ ಬೆರಳು ಅಲುಗ್ತಾವೇನು ಕಾದ್ ನೋಡೂಣು ಎಂದು ಅವರು ಹೋದರು, ಕಾಯುತ್ತ ಕಣ್ಣು ಹತ್ತಿತ್ತು, ಈಗ ದೌಲತರಾಯ ಎದ್ದು ನಿಂತು ಕೂಗುತ್ತಿದ್ದಾನೆ, ಮಹಾನಂದಾ, ಏ ಮಹಾನಂದಾ, ನಿದ್ದ್ಯಾಗ ಒದ್ದೆಲ್ಲ ಬೇ, ಬಲಗಾಲ್ಲೇ ಒದ್ದಿ, ನನ್ನ ಎದಿಗೇ, ಇನ್ನೊಮ್ಮಿ ಒದಿ, ನಿನ್ ಕಾಲ್ ಬೀಳ್ತೇನಿ, ಒದಿ — ನಗು ಬರುತ್ತದೆ ಅರ್ಧ ಬಾಯಿಗೆ, ನಿದ್ದೆಗೆ ಈ ಕಾಲಿನ ದಾರಿ ಇನ್ನೂ ಗೊತ್ತು, ನನಗೆ ಗೊತ್ತಿಲ್ಲ, ತೋರಿಸು ತಾಯಿ, ಈ ಸಲ ನೀನಲ್ಲ, ನಾನು, ಹಾಸಿಗೆಯ ಆ ತುದಿಯಲ್ಲಿ ಹೆಬ್ಬೆರಳು, ಪಕ್ಕದ ಬೆರಳಲ್ಲಿ ಕಾಲುಂಗುರ ಬಿಚ್ಚಿದ ಬಿಳಿ ಗೆರೆ, ಏಳು, ಹೆಬ್ಬೆರಳು, ಬಿಳಿ ಗೆರೆ, ಏಳು, ಗೆರೆ ಅಲುಗಿತೇ, ಹೆಬ್ಬೆರಳು, ಒಂದು ಕೂದಲೆಳೆಯಷ್ಟು, ಹೆಬ್ಬೆರಳು —