ಕೊಯ್ಯದೆ ಬಿಟ್ಟ ಟೈರು

ರುದ್ರಸ್ವಾಮಿಯ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಮಂಗಳಗೌರಿ ತೆಂಗಿನ ನಾರಿನಿಂದ ಗಸಗಸ ಉಜ್ಜುತ್ತಿದ್ದಳು. ಬೂದಿ ಹಾಕಿದಳು, ಸೀಗೆಪುಡಿ ಹಾಕಿದಳು, ಕೊನೆಗೆ ಬಟ್ಟೆ ಒಗೆಯುವ ಸೋಡಾ ಹಾಕಿದಳು. ಗಂಡನ ಅಂಗೈಯ ಕಪ್ಪು ಹೋಗಲಿಲ್ಲ. ಇಪ್ಪತ್ತೆರಡು ವರ್ಷ ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದೆ ಟೈರು ಕಿತ್ತು, ಟೈರು ತೊಡಿಸಿ, ರಬ್ಬರು ಬೇಯಿಸಿ ಕೂತ ಕಪ್ಪು ಅದು. ಅದೇ ಹೊಗೆ ಎದೆಗೂ ಇಳಿದು ಕೆಮ್ಮಾಗಿ, ಐವತ್ತು ತುಂಬುವ ಮೊದಲೇ ಅವನನ್ನು ಮುಗಿಸಿತ್ತು.

"ಸಾಕು ಬುಡವ್ವ, ಚರ್ಮ ಕಿತ್ತೋಯ್ತದೆ," ಎಂದಳು ಪಕ್ಕದ ಮನೆಯ ಸುಂದ್ರಮ್ಮ.

"ಲಿಂಗ ಇಡೋ ಕೈ ಕಣಕ್ಕ. ಇಂಗೇ ಕಳಿಸಾದಾ?"

ಹೆಣ ಸೆಟೆದುಕೊಂಡಿತ್ತು. ಕೂರಿಸಲು ಮೂರು ಜನ ಬೇಕಾಯಿತು. ಗಾವಡಗೆರೆಯ ಆ ಹಳೇ ಮನೆಯ ಪಡಸಾಲೆಯಲ್ಲಿ ಗೋಡೆಗೊರಗಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ, ಹಣೆ ತುಂಬ ವಿಭೂತಿ ಬಳಿದರು. ತುಟಿಯ ಮೇಲೆ ನೊಣ ಕೂರುತ್ತಿದ್ದವು. ಓಡಿಸಿದರೆ ಮತ್ತೆ ಬರುತ್ತಿದ್ದವು. ಬಂದ ಜನವೂ ಅಷ್ಟೆ. ಹೆಣಕ್ಕೊಂದು ಕೈಮುಗಿದು, ಜಗುಲಿಗೆ ಹೋಗಿ ಎಲೆಯಡಿಕೆ ಹಾಕಿಕೊಂಡು, ಸತ್ತವನನ್ನೇ ಜಗಿಯುತ್ತ ಕೂತಿದ್ದರು. ಥೂ, ಎಂಥ ಬಾಯಿಗಳು!

"ತಂಗಿ ಬಂದವ್ಳಾ?"

"ಬಂದವ್ಳೆ. ಕಣದ ತಾವ ಕುಂತವ್ಳೆ. ಒಳಕ್ಕೆ ಕಾಲಿಕ್ಕಿಲ್ಲ."

"ಎಂಗಿಕ್ಕಾಳು? ಅವಳ ಗಂಡನ್ನ ಕೊಂದೋನ ಮನೆ."

"ಕೊಂದ ಅನ್ನಬ್ಯಾಡ ಕಣ್ಲಾ. ಕೆಟ್ಟೋಗಿರೋ ಟೈರ್ನ ಸರಿಯಾಗದೆ ಅಂತ ಕೊಟ್ಟ, ಅಷ್ಟೆ."

"ಎರಡೂ ಒಂದೇ ಬುಡು. ಈಗ ಅವಳು ಮಣ್ಣಾಕ್ದಿದ್ರೆ ಏನ್ ಮಾಡೀರಿ?"

ಅದೇ ಎಲ್ಲರ ತಲೆಯಲ್ಲಿದ್ದ ಮಾತು. ಆ ಮನೆತನದಲ್ಲಿ ಒಡಹುಟ್ಟಿದ ಹೆಣ್ಣಿನ ಹಿಡಿ ಮಣ್ಣು ಮೊದಲು ಬೀಳಬೇಕು. ಅದು ಬೀಳದೆ ಬೇರೆ ಯಾರೂ ಗುಂಡಿ ಮುಚ್ಚುವ ಹಾಗಿಲ್ಲ. ತಂಗಿ ಪುಟ್ಟಮಲ್ಲಮ್ಮ ನಾಲ್ಕು ವರ್ಷದಿಂದ ಅಣ್ಣನ ಮನೆಯ ನೀರು ಮುಟ್ಟಿರಲಿಲ್ಲ. ಮಣ್ಣು ಹಾಕುತ್ತಾಳೋ, ಎದ್ದು ಹೋಗುತ್ತಾಳೋ ನೋಡಲೆಂದೇ ಅರ್ಧ ಊರು ಬಂದಿತ್ತು.

*

ಹುಣಸೂರಿನ ಮರದ ಸಾಹುಕಾರ ನೀಲಕಂಠಸ್ವಾಮಿಗೆ ಒಂದು ಬಾಡಿಗೆ ಕಾರಿತ್ತು, ಒಂದು ಹುಚ್ಚಿತ್ತು. ಬಾಡಿಗೆ ಕಾರು ಹುಣಸೂರಿನಿಂದ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯ ಮೇಲೆ ಹಾಯ್ದು ಅಂತರಸಂತೆಗೆ ಹೋಗಿ ಬರುತ್ತಿತ್ತು. ಅದನ್ನು ಓಡಿಸುತ್ತಿದ್ದವನು ಪುಟ್ಟಮಲ್ಲಮ್ಮನ ಗಂಡ ಲಿಂಗಣ್ಣ. ಹುಚ್ಚು ಅಂದರೆ ಕಾರು ರೇಸು. ಮದ್ರಾಸಿನ ಕಡೆ, ಯುದ್ಧಕಾಲದಲ್ಲಿ ವಿಮಾನ ಇಳಿಯುತ್ತಿದ್ದ ಒಂದು ಬಯಲಿನಲ್ಲಿ ದೊಡ್ಡ ಮನುಷ್ಯರೆಲ್ಲ ಸೇರಿ ಕಾರು ಓಡಿಸುತ್ತಿದ್ದರು. ಸಾಹುಕಾರ ಅಲ್ಲಿಗೆ ಹೋಗುವಾಗ ಟೈರು ನೋಡಿಕೊಳ್ಳಲು ರುದ್ರಸ್ವಾಮಿಯನ್ನು ಕರೆದೊಯ್ಯುತ್ತಿದ್ದ.

ರೇಸಿನ ಟೈರೇ ಬೇರೆ ಜಾತಿ. ರಬ್ಬರು ಮೆತ್ತಗೆ, ಮೈ ತೆಳ್ಳಗೆ. ಬಿಸಿಯಾದಷ್ಟೂ ನೆಲ ಕಚ್ಚುತ್ತದೆ, ಕಚ್ಚಿದಷ್ಟೂ ಸವೆಯುತ್ತದೆ. ಕಾವು ಹದ ಮೀರಿದರೆ ಮೇಲಿನ ರಬ್ಬರು ಒಳಗಿನ ಕ್ಯಾನ್ವಾಸನ್ನು ಬಿಟ್ಟುಬಿಡುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಹೆಚ್ಚೆಂದರೆ ಬಟಾಣಿಯಷ್ಟು ಉಬ್ಬು. ರುದ್ರಸ್ವಾಮಿ ಕಣ್ಣನ್ನು ನಂಬುತ್ತಲೇ ಇರಲಿಲ್ಲ. ಸಣ್ಣ ಸುತ್ತಿಗೆಯಿಂದ ಸುತ್ತ ತಟ್ಟಿ, ಕಿವಿಯಿಟ್ಟು ಕೇಳುತ್ತಿದ್ದ. ಸದ್ದು ಟೊಳ್ಳಾಗಿ ಬೊದ್ದೆಂದರೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು, ಗರಗಸ ತೆಗೆದುಕೊಂಡು ಅಂಚಿನ ತಂತಿಯನ್ನೇ ಕೊಯ್ದು ಹಾಕುತ್ತಿದ್ದ. ಆಮೇಲೆ ಅದನ್ನು ಬ್ರಹ್ಮ ಬಂದರೂ ಚಕ್ರಕ್ಕೆ ತೊಡಿಸುವಂತಿರಲಿಲ್ಲ.

"ಇನ್ನೂ ಹೊಸದರಂಗೆ ಅದೆಯಲ್ಲಯ್ಯ!" ಎಂದು ಸಾಹುಕಾರ ಹೊಟ್ಟೆ ಉರಿದುಕೊಳ್ಳುತ್ತಿದ್ದ.

"ಸತ್ತೋಗದೆ ಸಾವ್ಕಾರ್ರೆ. ಮುಖ ಮಾತ್ರ ಚೆಂದಾಗದೆ."

ಐವತ್ನಾಲ್ಕರ ದಸರೆಯ ಹೊತ್ತಿಗೆ ರೇಸಿನಿಂದ ಎರಡು ಟೈರು ವಾಪಸು ಬಂದವು. ಬಾಡಿಗೆ ಕಾರಿನದೂ ಅದೇ ಅಳತೆ. ರುದ್ರಸ್ವಾಮಿ ತಟ್ಟಿದ. ಎರಡೂ ಬೊದ್ದೆಂದವು. ಎರಡಕ್ಕೂ ಅಡ್ಡಗೆರೆ ಎಳೆದ. ಆದರೆ ಅವತ್ತು ಆಯುಧಪೂಜೆ. ತಟ್ಟಿ ಮುಗಿಸಿದ ಸುತ್ತಿಗೆಯೂ ಕೊನೆಯದಾಗಿ ಪೂಜೆಗೆ ಸೇರಿತು. ಗರಗಸವಂತೂ ಬೆಳಗಿನಿಂದಲೇ ಮಣೆಯ ಮೇಲಿತ್ತು, ವಿಭೂತಿ ಕುಂಕುಮ ಇಟ್ಟು, ಚೆಂಡುಹೂ ಸುತ್ತಿಸಿಕೊಂಡು. ಮಾರನೆಯ ದಿನ ಬನ್ನಿ ಮುಡಿಯುವ ತನಕ ಅದನ್ನು ಎತ್ತುವಂತಿರಲಿಲ್ಲ.

"ನಾಳೆ ಕುಯ್ತೀನಿ," ಎಂದು ಟೈರುಗಳನ್ನು ಗೋಡೆಗೊರಗಿಸಿದ.

ಮಾರನೆಯ ಬೆಳಿಗ್ಗೆ ಗೋಡೆ ಬರಿದಾಗಿತ್ತು. ರುದ್ರಸ್ವಾಮಿ ಸಾಹುಕಾರನ ಮನೆಗೆ ಓಡಿದ. ಕಾರಿರಲಿಲ್ಲ. ಸಿಕ್ಕಿದ ಬಸ್ಸು ಹತ್ತಿದ. ಹ್ಯಾಂಡ್‌ಪೋಸ್ಟ್ ದಾಟುತ್ತಲೇ ರಸ್ತೆಯಲ್ಲಿ ಜನ ನಿಂತಿದ್ದರು. ಆಲದ ಮರಕ್ಕೆ ಮುಖ ಕೊಟ್ಟು ಕಾರು ನಿಂತಿತ್ತು. ಮುಂದಿನ ಟೈರಿನ ರಬ್ಬರು ಬಾಳೆ ಸಿಪ್ಪೆಯ ಹಾಗೆ ಸುಲಿದು ಹೋಗಿತ್ತು. ಲಿಂಗಣ್ಣನನ್ನು ಇನ್ನೂ ಹೊರಗೆ ತೆಗೆದಿರಲಿಲ್ಲ.

"ರುದ್ರಸ್ವಾಮಿ ನೋಡಿ ಪಾಸು ಮಾಡಿದ ಟೈರು ಸ್ವಾಮಿ. ಅವನ ಮಾತಿನ ಮೇಲೆ ಹಾಕಿಸಿದೆ," ಎಂದು ಸಾಹುಕಾರ ಪೊಲೀಸಿನವರ ಮುಂದೆ ಹೇಳಿದ, ಕಣ್ಣಲ್ಲಿ ನೀರು ಬೇರೆ ತಂದುಕೊಂಡು.

ಗುರುತು ಹಾಕಿದ್ದೆ ಎಂದ ರುದ್ರಸ್ವಾಮಿ. ಟೈರು ತಿರುಗಿಸಿ ತಿರುಗಿಸಿ ನೋಡಿದರು. ಯಾವ ಗುರುತೂ ಇರಲಿಲ್ಲ. ಮಂಗಳಗೌರಿ ನಾದಿನಿಯ ಹತ್ತಿರ ಹೋಗಿ, ಪೂಜೆಯ ದಿನ ಆ ಗೆರೆಯನ್ನು ನಾನು ಕಣ್ಣಾರೆ ಕಂಡಿದ್ದೆ ಎಂದು ಆಣೆ ಇಟ್ಟಳು. "ಗಂಡನ ಪರ ನೀನಲ್ದೆ ಇನ್ಯಾರು ಹೇಳಾರು ಅತ್ತಿಗೆ," ಎಂದು ಪುಟ್ಟಮಲ್ಲಮ್ಮ ಬಾಗಿಲು ಹಾಕಿಕೊಂಡಳು. ಅಲ್ಲಿಂದಾಚೆ ರುದ್ರಸ್ವಾಮಿ ಆ ಮಾತೆತ್ತಲಿಲ್ಲ. ಯಾರಾದರೂ ಕೆಣಕಿದರೆ, "ಅವತ್ತೇ ಕುಯ್ಬೇಕಾಗಿತ್ತು," ಅನ್ನುತ್ತಿದ್ದ. ಜನ ಅದನ್ನು ತಪ್ಪೊಪ್ಪಿಗೆ ಅಂತಲೇ ಹಿಡಿದರು.

*

ಹೊಲದ ಬದುವಿನ ಗುಂಡಿಯಲ್ಲಿ, ಅದರ ಪಕ್ಕದ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ರುದ್ರಸ್ವಾಮಿಯನ್ನು ಕೂರಿಸಿದರು. ಅಯ್ಯನವರು ಎಡಗೈಯಲ್ಲಿ ಲಿಂಗವಿಟ್ಟು, ಬಿಲ್ವಪತ್ರೆ ತುಂಬಿ, ಮಂತ್ರ ಮುಗಿಸಿ ಮೇಲೆ ಬಂದರು. "ಒಡಹುಟ್ಟಿದವರು ಬನ್ನಿ," ಎಂದರು.

ಪುಟ್ಟಮಲ್ಲಮ್ಮ ಬಂದು ಗುಂಡಿಯ ಅಂಚಿನಲ್ಲಿ ನಿಂತಳು. ಬಗ್ಗಲಿಲ್ಲ.

ಎಲ್ಲರೂ ಕಾಯುತ್ತಿದ್ದ ಹೊತ್ತಿಗೆ ನೀಲಕಂಠಸ್ವಾಮಿ ಜನರ ನಡುವಿನಿಂದ ಮುಂದೆ ಬಂದ. ಕೈಯಲ್ಲಿ ಜರಿ ಶಾಲು. ಅಯ್ಯನವರೇ ಬರಿಗಾಲಲ್ಲಿದ್ದರು, ಇವನ ಕಾಲಲ್ಲಿ ಮಿರಮಿರ ಮಿಂಚುವ ಬೂಟು. ಹಿಂದೆ ಛತ್ರಿ ಹಿಡಿದುಕೊಂಡು ಕಾರು ತೊಳೆಯುವ ಚಿಕ್ಕಣ್ಣ, ನಲವತ್ತು ದಾಟಿದ ಬಡಕಲು ಆಸಾಮಿ.

"ನೋಡವ್ವ ಪುಟ್ಟಮಲ್ಲಮ್ಮ," ಎಂದ ಸಾಹುಕಾರ, ಹತ್ತಾರು ಜನಕ್ಕೆ ಕೇಳುವ ಹಾಗೆ. "ಕೆಲಸದಲ್ಲಿ ನಿನ್ನಣ್ಣನಂಥೋನು ಇನ್ನೊಬ್ಬನಿರಲಿಲ್ಲ. ಒಂದೇ ಒಂದು ಸಲ ಕಣ್ತಪ್ಪಿತು. ನನ್ನ ಕಾರು ಹೋಯ್ತು, ಹೆಸರು ಹೋಯ್ತು. ನಾನೇ ಅವನನ್ನ ಕ್ಷಮಿಸಿಬುಟ್ಟೆ. ನೀನೂ ಕ್ಷಮಿಸಿ ಮಣ್ಣಾಕು."

ಅಬ್ಬಾ, ಅದೇನು ನಾಲಿಗೆಯೋ! ಜನ ಮಾತ್ರ ದೇವರಂಥ ಮನುಷ್ಯ ಎಂದು ತಲೆದೂಗಿದರು. ಮಂಗಳಗೌರಿ ಬಾಯಿಗೆ ಸೆರಗು ಒತ್ತಿಕೊಂಡು ಬದುವಿನಾಚೆ ತಿರುಗಿದಳು.

ಚಿಕ್ಕಣ್ಣ ಛತ್ರಿಯನ್ನು ಮಡಿಸಿ ನೆಲಕ್ಕೆ ಹಾಕಿದ.

"ಕ್ಸಮಿಸಿದ್ರಾ ಬುದ್ಧಿ? ನೀವಾ?"

"ಏನೋ ಅದು? ಛತ್ರಿ ಎತ್ಕೊ."

"ಟೈರ್ನಾಗೆ ಗುರ್ತಿತ್ತು ಕಣವ್ವ," ಎಂದ ಚಿಕ್ಕಣ್ಣ ಪುಟ್ಟಮಲ್ಲಮ್ಮನ ಕಡೆ ತಿರುಗಿ. "ಇಷ್ಟಗಲ ಅಡ್ಡಗೆರೆ. ಈ ಬುದ್ಧಿಯೋರೇ ಸೀಮೆಎಣ್ಣೆ ಬಟ್ಟೆ ಕೊಟ್ಟು ವರ್ಸು ಅಂದ್ರು. ನಾನೇ ವರ್ಸ್ದೆ. ಟೈರ್ನ ಅಂಗಡಿಯಿಂದ ತಂದೋನೂ ನಾನೇ. ಲಿಂಗಣ್ಣ ಬಂದು, ಇದು ಭಾವ ನೋಡಿದ್ದಾ ಅಂತ ಕೇಳ್ದ. ಊಂ ಅಂತ ನಾನೇ ಅಂದೆ."

ಎಲೆಯಡಿಕೆ ಜಗಿಯುತ್ತಿದ್ದವನೊಬ್ಬ ಬಾಯಿ ನಿಲ್ಲಿಸಿದ.

"ನಾಕು ವರ್ಸ ಏನ್ ಮಾಡ್ತಿದ್ಯೋ ಬೇವರ್ಸಿ?" ಎಂದು ಸುಂದ್ರಮ್ಮ ಕಿರುಚಿದಳು.

"ಕಾರ್ ತೊಳೀತಿದ್ದೆ ಕಣವ್ವ," ಎಂದ ಚಿಕ್ಕಣ್ಣ.

"ಹೆಂಡ ಕುಡಿದವ್ನೆ ಇವನು," ಎಂದ ಸಾಹುಕಾರ ಅಯ್ಯನವರತ್ತ ನೋಡಿ. ಅಯ್ಯನವರು ಬೇರೆ ಕಡೆ ನೋಡಿದರು. "ಹೆಣದ ಮುಂದೆ ಇದೆಲ್ಲ ಯಾಕೆ ಈಗ? ಹೊತ್ತಾಯ್ತು," ಎಂದು ತಾನೇ ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಗುಂಡಿಯ ಮೇಲೆ ಕೈ ಚಾಚಿದ.

ಪುಟ್ಟಮಲ್ಲಮ್ಮ ಅವನ ಮಣಿಕಟ್ಟು ಹಿಡಿದಳು. ಗದ್ದೆ ನಾಟಿ ಮಾಡುವ ಕೈ ಅದು. ಆ ಕೈಯನ್ನು ತನ್ನ ಕಡೆ ಎಳೆದುಕೊಂಡು, ಒಂದೊಂದೇ ಬೆರಳನ್ನು ಬಿಚ್ಚಿದಳು. ಮಣ್ಣು ಗುಂಡಿಯ ಈಚೆ, ಅವನ ಬೂಟಿನ ಮೇಲೆ ಉದುರಿತು.

"ನಿಮ್ಮ ಮಣ್ಣು ನಮ್ಮಣ್ಣನ ಮೇಲೆ ಬೀಳಬಾರದು," ಎಂದಳು. "ಶಾಲೂ ತಕಂಡು ಹೋಗಿ."

ಅವನು ಹೋದನೋ ನಿಂತನೋ ಅವಳು ನೋಡಲಿಲ್ಲ. ಮಂಡಿಯೂರಿ ಕುಳಿತು, "ಅಣ್ಣಾ, ಬಾಗಿಲು ಹಾಕ್ಕಂಡೆ ಕಣೋ, ನಿನ್ನ ಮಾತು ಕೇಳಲಿಲ್ಲ ಕಣೋ," ಎಂದು ಎದೆ ಬಿರಿಯುವ ಹಾಗೆ ಅತ್ತಳು. ಮೂರು ಹಿಡಿ ಹಾಕಿದಳು. ಮಂಗಳಗೌರಿ ಬಂದು ಪಕ್ಕದಲ್ಲಿ ಕುಳಿತಳು. ಅತ್ತಿಗೆ ನಾದಿನಿ ಇಬ್ಬರೂ ಎರಡೂ ಕೈಯಿಂದ ಮಣ್ಣು ತಳ್ಳತೊಡಗಿದರು. ಆಮೇಲೆ ಊರಿನವರು ಒಬ್ಬೊಬ್ಬರಾಗಿ ಬಂದು, ಮುಖ ತಗ್ಗಿಸಿ ಹಾಕಿ ಹೋದರು.

ಚಿಕ್ಕಣ್ಣನೂ ಒಂದು ಹಿಡಿ ಎತ್ತಿಕೊಂಡ. ಹಾಕಲಾ ಎನ್ನುವ ಹಾಗೆ ಪುಟ್ಟಮಲ್ಲಮ್ಮನ ಮುಖ ನೋಡಿದ. ಅವಳು ಹಾಕು ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ. ಗುಂಡಿ ತುಂಬಿತು, ಮೇಲೆ ಕಲ್ಲಿಟ್ಟರು, ಜನ ಕಾಲು ತೊಳೆಯಲು ಕೆರೆಯ ಕಡೆ ಹೋದರು. ಬಿಸಿಲು ಇಳಿಯುವವರೆಗೂ ಅವನು ಅಲ್ಲೇ ನಿಂತಿದ್ದ, ಮುಷ್ಟಿ ಬಿಚ್ಚದೆ.