ಒಂದೇ ಗಾಡಿಯ ಸೇತುವೆ

ಸ್ವಾಲಾಳ ತೋರುಬೆರಳಿನ ಉಗುರಿನ ಕೆಂಪು ಬಣ್ಣ ಅರ್ಧ ಸುಲಿದಿದೆ, ಆ ಅರ್ಧ ಕೆಂಪು ಉಗುರು ಅಡುಗೆಮನೆ ಮೇಜಿನ ಮೇಲೆ ಹರಡಿದ ನಕ್ಷೆಯಲ್ಲಿ ಪೂರ್ವಕ್ಕೆ ಸರಿಯುತ್ತಿದೆ, ಒಂದು ಮೂಲೆಗೆ ಸಕ್ಕರೆ ಡಬ್ಬಿಯ ಭಾರ, ಇನ್ನೊಂದು ಮೂಲೆಗೆ ಕಾಫಿ ಫ್ಲಾಸ್ಕಿನದು, ನಡುವೆ ಇಡೀ ಐಸ್‌ಲ್ಯಾಂಡ್ ಅಂಗಾತ ಬಿದ್ದಿದೆ, ಅದರ ಸುತ್ತ ಒಂದು ಗೆರೆ, ಒಂದನೇ ನಂಬರಿನ ರಸ್ತೆ, ಹೊರಟಲ್ಲಿಗೇ ಬಂದು ಮುಟ್ಟುವ ರಸ್ತೆ, ಯಾವ ಪುಣ್ಯಾತ್ಮ ಹಾಕಿದನೋ — ತೈತುರ್‌ಗೆ ಅಕ್ಕನ ಆ ಉಗುರನ್ನು ಹಿಡಿದು ನಿಲ್ಲಿಸಿಬಿಡಬೇಕು ಅನ್ನಿಸುತ್ತದೆ, ಆದರೆ ಅವಳು ನಿಲ್ಲುವವಳಲ್ಲ, ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಹೇಳಿ ಮನೆಯಲ್ಲೂ ಎಲ್ಲರೂ ಬೆಂಚಿನ ಮೇಲೆ ಕೂತಂತೆಯೇ ಕಾಣುತ್ತದೆ ಅವಳಿಗೆ, ಮೊದಲನೇ ರಾತ್ರಿ ಮಿವಾತ್ನ್ ಕೆರೆ ಹತ್ರ ಡೇರೆ ಹಾಕೋಣ ಎಂದಳು ಅಮ್ಮ, ಜೂನ್‌ನಲ್ಲಾ, ಬಾಯಿ ತೆಗೆದ್ರೆ ನೊಣಾನೇ ಊಟ, ಎಂದಳು ಸ್ವಾಲಾ, ಮೂವತ್ತು ವರ್ಷ ಮೀನಿನ ಹುಳ ಹೆಕ್ಕಿದೋಳು ಕಣೆ ನಾನು ನೊಣಕ್ಕೆ ಹೆದರ್ತೀನಾ, ಎಂದು ಅಮ್ಮ ನಕ್ಕಳು, ಅಮ್ಮ ನಕ್ಕದ್ದು ಎಷ್ಟು ದಿನದ ಮೇಲೆ. ಇವತ್ತು ಬೇಸಿಗೆಯ ಮೊದಲ ದಿನ, ಏಪ್ರಿಲ್, ಕ್ಯಾಲೆಂಡರಿನಲ್ಲಿ ಕೆಂಪಕ್ಷರ, ದಾಲ್ವಿಕ್‌ಗೆ ದಾಲ್ವಿಕೇ ರಜಾ, ಕಿಟಕಿಯಾಚೆ ಹಿಮ ಅಡ್ಡಡ್ಡ ಬೀಳುತ್ತಿದೆ, ಬೆಳಗ್ಗೆ ತೈತುರ್ ರಸ್ತೆಯ ಹಿಮ ತೆಗೆಯುವ ಗಾಡಿ ಓಡಿಸಿಕೊಂಡು ಬಂದರೆ ಚರ್ಚಿನ ತಿರುವಿನಲ್ಲಿ ಮುದುಕನೊಬ್ಬ ಬೇಸಿಗೆ ಒಳ್ಳೇದಾಗ್ಲಿ ಎಂದು ಕೈ ಎತ್ತಿದ, ಕೈ ಎತ್ತಬೇಡಿ ಮಾರಾಯರೇ, ನನ್ನನ್ನು ನೋಡಿ ಯಾರೂ ಕೈ ಎತ್ತಬೇಡಿ — ಅಮ್ಮನಿಗೆ ಬೇಸಿಗೆಯ ಉಡುಗೊರೆ ಅಂತ ಸ್ವಾಲಾ ತಂದದ್ದು ಈ ನಕ್ಷೆ, ಜೂನ್‌ಗೆ ಅಮ್ಮನಿಗೆ ಅರವತ್ತು, ಹುಟ್ಟಿದ ದೇಶವನ್ನು ಒಂದು ಸುತ್ತು ಹಾಕಿಲ್ಲ ಅವಳು, ಈ ಸಲ ಹಾಕಬೇಕು, ನಾಲ್ವರೂ, ಒಂದೇ ಗಾಡಿಯಲ್ಲಿ, ಹತ್ತು ದಿನ, ಓಡಿಸುವವನು ತೈತುರ್, ಮತ್ಯಾರು ಓಡಿಸುತ್ತಾರೆ, ಅಪ್ಪ ಸ್ಟೀರಿಂಗ್ ಮುಟ್ಟಿ ಎಂಟು ವರ್ಷ.

ಸೂರ್ಯ ಸುತ್ತೋ ದಿಕ್ಕಿಗೆ ಹೋಗೋದಾ, ಎದುರು ದಿಕ್ಕಿಗೆ ಹೋಗೋದಾ, ಎಂದು ಕೇಳುತ್ತಿದ್ದಾಳೆ ಸ್ವಾಲಾ, ಸೂರ್ಯನ ದಿಕ್ಕೇ ಒಳ್ಳೇದು ಎನ್ನುತ್ತಾಳೆ ಅಮ್ಮ, ಎಲ್ಲಿಂದ ಸುತ್ತಿದರೇನು, ಪೂರ್ವಕ್ಕೆ ಹೋದರೆ ನಾಲ್ಕನೇ ದಿನ ಬರುತ್ತದೆ, ಪಶ್ಚಿಮಕ್ಕೆ ಹೋದರೆ ಏಳನೇ ದಿನ, ಬರುವುದಂತೂ ಬರುತ್ತದೆ ಆ ಸೇತುವೆ, ಆಗ್ನೇಯದ ಕರಿ ಮರಳಿನ ಬಯಲಲ್ಲಿ, ಒಂದು ಸಲಕ್ಕೆ ಒಂದೇ ಗಾಡಿ ಹಿಡಿಯುವ ಕಬ್ಬಿಣದ ಸೇತುವೆ, ಅದನ್ನು ಬಿಟ್ಟು ಸುತ್ತು ಮುಗಿಯುವುದಿಲ್ಲ, ಅವನು ವಾರದಿಂದ ಲೆಕ್ಕ ಹಾಕಿದ್ದಾನೆ, ಪೂರ್ವದ ಕೊಲ್ಲಿಗಳನ್ನ ನೋಡ್ಕೊಂಡು ಅದೇ ದಾರೀಲಿ ವಾಪಸ್ ಬರೋಣ ಅಂದ, ಅದು ಸುತ್ತಾ, ಹಿತ್ತಲಿಗೆ ಹೋಗಿ ಬಂದ ಹಾಗೆ, ಎಂದಳು ಅಮ್ಮ, ಮರಳುಗಾಳಿ ಎದ್ರೆ ಗಾಡಿ ಬಣ್ಣ ಕಿತ್ತು ಹೋಗತ್ತೆ ಅಂದ, ಬಣ್ಣ ಹೋದ್ರೆ ಹೋಗ್ಲಿ, ಎಂದಳು ಸ್ವಾಲಾ, ಬರೋ ವರ್ಷ ಅಲ್ಲಿ ಅಗಲದ ಸೇತುವೆ ಕಟ್ತಾರಂತೆ, ಆಗ್ಲೇ ಹೋಗೋಣ ಅಂದ, ಹೌದು ಮರಿ, ಅಲ್ಲೀತನಕ ನಾನು ಐವತ್ತೊಂಬತ್ತೇ ಇರ್ತೀನಿ, ಎಂದಳು ಅಮ್ಮ, ಸ್ವಾಲಾ ನಕ್ಕಳು, ಅಪ್ಪ ನಗಲಿಲ್ಲ. ಅಪ್ಪ, ಇಂಗಿಮಾರ್, ಇಪ್ಪತ್ತೆರಡು ವರ್ಷ ಇದೇ ಒಂದನೇ ನಂಬರಿನ ರಸ್ತೆಯಲ್ಲಿ ಮೀನಿನ ಲಾರಿ ಓಡಿಸಿದವನು, ಮೇಜಿನ ಆ ತುದಿಯಲ್ಲಿ ಒಬ್ಬನೇ ಇಸ್ಪೀಟು ಹರಡಿಕೊಂಡು ಕೂತಿದ್ದಾನೆ, ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು, ಬೆರಳ ತುದಿಗಳೆಲ್ಲ ಗಾಳ ಚುಚ್ಚಿದ ಗಾಯ, ಈಗ ಬಂದರಿನ ಶೆಡ್ಡಿನಲ್ಲಿ ಗಾಳಗಳಿಗೆ ಎರೆ ಸಿಕ್ಕಿಸುವ ಕೆಲಸ ಅವನದು, ಸಾವಿರಾರು ಗಾಳ, ತಲೆ ಎತ್ತುವ ಹಾಗಿಲ್ಲ, ತಲೆ ಎತ್ತಬೇಕೆಂಬ ಆಸೆಯೂ ಇಲ್ಲ ಅವನಿಗೆ, ಎತ್ತಪ್ಪಾ ತಲೆ, ಒಂದು ಸಲ ಎತ್ತಿ ಹೇಳಿಬಿಡು, ಇಲ್ಲಾ ನೀನೇ ಹೇಳು ಅಂತ ನನಗಾದರೂ ಅನ್ನು, ಇದೇನು ಸುಡುಗಾಡು ಮೌನ.

ಹದಿನೈದು ವರ್ಷ ತೈತುರ್‌ಗೆ ಆಗ, ಸೆಪ್ಟೆಂಬರ್, ಬೆಟ್ಟದಿಂದ ಕುರಿಗಳನ್ನು ಇಳಿಸಿ ದೊಡ್ಡಿಗೆ ತುಂಬುವ ವಾರ, ಅಪ್ಪ ಲಾರಿಯ ಎಂಜಿನ್ನಿನ ಯಾವುದೋ ಭಾಗ ತರಲು ಜೀಪಿನಲ್ಲಿ ದಕ್ಷಿಣ ಕರಾವಳಿಯ ಊರೊಂದಕ್ಕೆ ಹೊರಟವನು ಇವನನ್ನೂ ಕರೆದುಕೊಂಡ, ಬಯಲು ಸಿಕ್ಕಿದ ಮೇಲೆ ಕೊಡಪ್ಪ ಕೊಡಪ್ಪ ಎಂದು ಪೀಡಿಸಿದ್ದು ಇವನೇ, ಹಳ್ಳಿ ಹುಡುಗರೆಲ್ಲ ಹನ್ನೆರಡಕ್ಕೇ ಟ್ರ್ಯಾಕ್ಟರ್ ಓಡಿಸುತ್ತಾರೆ, ತಗೋ, ಎರಡೂ ಕೈ ಸ್ಟೀರಿಂಗ್ ಮೇಲಿರ್ಲಿ ಅಂದ ಅಪ್ಪ, ರಸ್ತೆ ಗೆರೆ ಎಳೆದ ಹಾಗೆ ನೇರ, ಎರಡು ಬದಿಗೂ ಕರಿ ಮರಳು, ಅಂಥ ಬಯಲಲ್ಲಿ ದೂರ ದೂರವೆಂದೇ ಕಾಣುವುದಿಲ್ಲ, ಸೇತುವೆಯ ಆಚೆ ಬಿಳಿ ಕಾರೊಂದು ಬರುತ್ತಿತ್ತು, ಸೇತುವೆಗೆ ಯಾರು ಹತ್ತಿರವೋ ಅವರು ಮೊದಲು, ಇನ್ನೊಬ್ಬರು ಕಾಯಬೇಕು, ತೊಟ್ಟಿಲ ಮಗುವಿಗೂ ಗೊತ್ತು ಇಲ್ಲಿ, ಆ ಕಾರೇ ಹತ್ರ ಇದೆ ಕಣೋ, ನಿಧಾನ ಮಾಡು, ಅಂದ ಅಪ್ಪ, ಇಲ್ಲ, ನಾವೇ ಹತ್ರ, ಅಂದ ಇವನು, ತೈತುರ್, ಕಾಲು ತೆಗಿ, ಅಂದ ಅಪ್ಪ, ನಾವೇ ಹತ್ರ ಅಪ್ಪ — ನಾವೇ ಹತ್ತಿರವಂತೆ, ಹದಿನೈದು ವರ್ಷದ ಕತ್ತೆ, ಅಷ್ಟು ಹೊತ್ತಿಗೆ ಆ ಕಾರಿನವಳು ಅರ್ಧ ಸೇತುವೆ ದಾಟಿಯಾಗಿತ್ತು, ಇವನು ನಿಲ್ಲುತ್ತಾನೆ ಅಂದುಕೊಂಡಿದ್ದಳು, ನಿಂತೇ ನಿಲ್ಲುತ್ತಾನೆ, ಯಾಕೆ ನಿಲ್ಲುವುದಿಲ್ಲ, ಎಲ್ಲರೂ ನಿಲ್ಲುತ್ತಾರೆ, ಕಾದವರಿಗೆ ದಾಟುವವರು ಸ್ಟೀರಿಂಗಿನಿಂದ ಒಂದು ಕೈ ಎತ್ತುತ್ತಾರೆ, ಅಷ್ಟೇ ಇಲ್ಲಿಯ ಉಪಚಾರ, ಅವಳು ಎತ್ತಿದಳು, ಗಾಜಿನ ಹಿಂದೆ, ಉಣ್ಣೆಯ ಕೈಗವಸು, ಬಿಳಿಯ ಮೇಲೆ ಕಂದು ಪಟ್ಟಿ, ನಾಲ್ಕು ಬೆರಳೂ ಒಂದೇ ಚೀಲದಲ್ಲಿ, ಹೆಬ್ಬೆರಳು ಬೇರೆ, ಕಾದದ್ದಕ್ಕೆ ಎಂದು ಎತ್ತಿದ ಕೈ, ಜೀಪಿನ ಮುಂದಿನ ಚಕ್ರ ಆಗಲೇ ಸೇತುವೆಯ ಹಲಗೆಯ ಮೇಲೆ ಗಡಗಡ ಅನ್ನುತ್ತಿತ್ತು. ಆಮೇಲಿನದು ಅವನಿಗೆ ಬರೀ ಸದ್ದು, ಅವಳ ಬ್ರೇಕು, ಕಂಬಿ ಮುರಿದದ್ದು, ಅವಳ ಕಾರು ಕೆಳಗೆ ಕಲ್ಲಿನ ಮೇಲೆ ಬಿದ್ದದ್ದು, ಹೊಳೆಯಲ್ಲಿ ಮೊಣಕಾಲುದ್ದದ ನೀರು, ಅಪ್ಪ ಅದರಲ್ಲಿ ಓಡುತ್ತಿದ್ದದ್ದು, ಬದುಕಿದ್ದಾಳೆ ಬದುಕಿದ್ದಾಳೆ ಎಂದು ಕೂಗಿದ್ದು, ಮತ್ತೆ ತೊಯ್ದು ತೊಪ್ಪೆಯಾಗಿ ಮೇಲೆ ಹತ್ತಿ ಬಂದು, ಇಳಿ ಅಂದ, ಆ ಕಡೆ ಸೀಟಿಗೆ ಹೋಗು, ಅಪ್ಪನ ಬಾಯಲ್ಲಿ ಅಂಥ ಮೆಲುದನಿ ಅವನು ಕೇಳಿರಲಿಲ್ಲ, ಓಡಿಸ್ತಿದ್ದದ್ದು ನಾನು, ತಿಳೀತಾ, ನೀನು ನಿದ್ದೆ ಮಾಡ್ತಿದ್ದೆ.

ನಿದ್ದೆ ಮಾಡುತ್ತಿದ್ದವನು ಎಂಟು ವರ್ಷ ನಿದ್ದೆ ಮಾಡಿದ. ಅವಳ ಹೆಸರು ಯೋರುನ್, ಆ ಬಯಲಿನ ಪಕ್ಕದಲ್ಲೇ ಅವಳ ಹೊಲಮನೆ, ಕುರಿದೊಡ್ಡಿಗೆ ಹೊರಟಿದ್ದಳಂತೆ, ಸೊಂಟದ ಮೂಳೆ ಮೂರು ಕಡೆ ಮುರಿಯಿತು, ಕೋಲಿಲ್ಲದೆ ನಡೆಯಲಾರಳು, ಕುರಿಗಳನ್ನೆಲ್ಲ ಕೊಟ್ಟುಬಿಟ್ಟಳು, ನ್ಯಾಯಾಲಯದಲ್ಲಿ ಏನೂ ನೆನಪಿಲ್ಲ ಅಂದಳು, ನೆನಪಿಲ್ಲವಂತೆ, ಅಪ್ಪ ಎದ್ದು ನಿಂತು ನನ್ನದೇ ತಪ್ಪು ಅಂದ, ಲೈಸೆನ್ಸು ಹೋಯಿತು, ಲಾರಿ ಹೋಯಿತು, ಲೈಸೆನ್ಸು ವಾಪಸ್ ಬಂದ ಮೇಲೂ ಅಪ್ಪ ಅದನ್ನು ಡ್ರಾಯರಿನಿಂದ ತೆಗೆಯಲಿಲ್ಲ, ಅಷ್ಟು ದೊಡ್ಡ ಮನುಷ್ಯನಾಗು ಅಂತ ಯಾರು ಕೇಳಿದ್ದರು ಅಪ್ಪನನ್ನು, ನನಗೆ ಒಂದು ಬಾರಿಸಿದ್ದರೆ ಆಗುತ್ತಿತ್ತು, ಪೊಲೀಸರ ಮುಂದೆ ಕಿವಿ ಹಿಡಿದು ನಿಲ್ಲಿಸಿದ್ದರೆ ಆಗುತ್ತಿತ್ತು, ಊರಿನ ಬಿಸಿನೀರ ಕೊಳದಲ್ಲಿ ಕುತ್ತಿಗೆಮಟ್ಟ ಮುಳುಗಿ ಕೂತವರು ಇಂಗಿಮಾರ್ ಬಂದರೆ ಮಾತು ನಿಲ್ಲಿಸುತ್ತಿದ್ದರು, ಅಪ್ಪ ಕೊಳಕ್ಕೆ ಹೋಗುವುದನ್ನೇ ಬಿಟ್ಟ, ಇವನು ಆ ಚಳಿಗಾಲಕ್ಕೇ ಶಾಲೆ ಬಿಟ್ಟ, ತಲೆಗೆ ಹತ್ತಲಿಲ್ಲ ಅಂದುಕೊಂಡರು ಮೇಷ್ಟ್ರುಗಳು, ಅಂದುಕೊಳ್ಳಲಿ, ಮತ್ತೆ ಅಮ್ಮ, ಇದನ್ನು ಮಾತ್ರ ಅವನು ತಡೆಯಲಾರ, ಅಮ್ಮ ಮೀನಿನ ಕಾರ್ಖಾನೆಯಲ್ಲಿ ಕೆಳಗಿನಿಂದ ದೀಪ ಹಾಕಿದ ಗಾಜಿನ ಮೇಜಿನ ಮೇಲೆ ಮೀನಿನ ತುಂಡಿಟ್ಟು ಒಳಗೆ ಸುರುಳಿ ಸುತ್ತಿಕೊಂಡಿರುವ ಹುಳವನ್ನು ಕಂಡುಹಿಡಿಯುವವಳು, ಕೂದಲಷ್ಟು ಸಣ್ಣದೂ ಅವಳ ಕಣ್ಣು ತಪ್ಪುವುದಿಲ್ಲ, ಎಂಟು ವರ್ಷ ದಿನಾ ಎದುರಿಗೆ ಕೂತು ತಿಂದ ಮಗನ ಒಳಗಿನದು ಕಾಣಲಿಲ್ಲ, ಗಂಡನಿಗೆ ಹೇಳುತ್ತಿದ್ದಳು, ಹಬ್ಬದ ದಿನ, ಸಾಮಾನ್ಯ ದಿನ, ಒಣಮೀನಿಗೆ ಬೆಣ್ಣೆ ಸವರುತ್ತಾ, ಇಪ್ಪತ್ತೆರಡು ವರ್ಷ ಓಡಿಸಿದೋನಿಗೆ ಅರ್ಧ ನಿಮಿಷ ಕಾಯಕ್ಕಾಗ್ಲಿಲ್ವಾ ಇಂಗಿಮಾರ್, ಅರ್ಧ ನಿಮಿಷ, ಅಪ್ಪ ಹೂಂ ಅನ್ನುತ್ತಿದ್ದ, ಆಗಲಿಲ್ಲ ಅನ್ನುತ್ತಿದ್ದ, ಇವನು ತಟ್ಟೆ ನೋಡುತ್ತಿದ್ದ, ಬೆಣ್ಣೆಯ ಮೇಲೆ ಅಮ್ಮನ ಚಾಕುವಿನ ಗೆರೆ ನೋಡುತ್ತಿದ್ದ, ಬಾಗಿಲು ಬಡಿದು ಹೊರಗೆ ಹೋಗುತ್ತಿದ್ದ, ಇವನಿಗೇನು ಬಂತು ಇಷ್ಟು ಸಿಟ್ಟು ಅನ್ನುತ್ತಿದ್ದಳು ಅಮ್ಮ ಹಿಂದಿನಿಂದ, ಅಪ್ಪನ ಮೇಲಿನ ಸಿಟ್ಟು ಪಾಪ, ಅದಕ್ಕೂ ಅವಳೇ ಉತ್ತರ ಹೇಳಿಕೊಳ್ಳುತ್ತಿದ್ದಳು.

ಉಗುರು ನಿಂತಿದೆ. ಅಲ್ಲೇ ನಿಂತಿದೆ, ನಕ್ಷೆಯಲ್ಲಿ ಮರಳಿಗೆ ಬೂದು ಬಣ್ಣ, ಹೊಳೆ ನೀಲಿ ಕೂದಲಿನ ಹಾಗೆ ಸಿಕ್ಕು ಸಿಕ್ಕು, ನಾಲ್ಕನೇ ರಾತ್ರಿ ಇಲ್ಲಿ, ಎಂದಳು ಸ್ವಾಲಾ, ಮತ್ತೆ ಅಮ್ಮನ ಮುಖ ನೋಡಿದಳು, ಹೇಳು ನೀನೇ ಎಂದಳು ಅಮ್ಮ, ಸ್ವಾಲಾ ಫೋನ್ ತೆಗೆದಳು, ಅಪ್ಪ, ಬೈಬೇಡ, ನಾನೂ ಅಮ್ಮನೂ ಸೇರಿ ಮಾಡಿದ್ದು, ಯೋರುನ್ ಈಗ ಮನೇಲಿ ಪ್ರವಾಸಿಗರಿಗೆ ಕೋಣೆ ಕೊಡ್ತಾಳೆ, ನಾನು ಬರ್ದೆ, ನಾವು ಇಂಥೋರು ಅಂತ್ಲೇ ಬರ್ದೆ, ಉತ್ತರ ಬಂದಿದೆ, ಓದ್ಲಾ — ಅಪ್ಪನ ಕೈಯಲ್ಲಿ ಇಸ್ಪೀಟಿನ ಎಲೆ ನಿಂತಿತು, ಓದು ಅಂದ, ಸ್ವಾಲಾ ಓದಿದಳು, ಹಾಸಿಗೆ ನಾಲ್ಕಿವೆ, ಬನ್ನಿ, ನನಗೀಗ ಸಿಟ್ಟಿಲ್ಲ ಅಂತ ಇಂಗಿಮಾರ್‌ಗೆ ಹೇಳು, ಆ ಹುಡುಗನೂ ಬರ್ತಾನಾ, ಅವನೂ ಬರ್ಲಿ. ಆ ಹುಡುಗ. ಯಾಕೆ ಕೇಳಿದಳು, ಪಕ್ಕದ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಹುಡುಗನನ್ನು ಎಂಟು ವರ್ಷ ಯಾರು ನೆನಪಿಟ್ಟುಕೊಳ್ಳುತ್ತಾರೆ, ಅವಳು ಕೈ ಎತ್ತಿದ್ದು ಯಾರನ್ನು ನೋಡಿ, ಕೈ ಎತ್ತುವವರು ಎದುರಿನ ಮುಖ ನೋಡಿಯೇ ಎತ್ತುತ್ತಾರೆ, ಎಂಟು ವರ್ಷ ಅವಳೂ ಸುಮ್ಮನಿದ್ದಾಳೆ, ಅಲ್ಲೊಬ್ಬಳು, ಇಲ್ಲೊಬ್ಬ, ಎರಡು ಕಡೆಯೂ ಕಾಯುತ್ತಾ ಕೂತಿದ್ದಾರೆ, ಇವನು ದಾಟಲಿ ಎಂದು — ಎದುರಿಗೆ ಕೂತು ಒಂದ್ಸಲ ಕ್ಷಮೆ ಕೇಳ್ಬಿಡು ಇಂಗಿಮಾರ್, ಎನ್ನುತ್ತಿದ್ದಾಳೆ ಅಮ್ಮ, ದನಿಯಲ್ಲಿ ಚುಚ್ಚು ಇಲ್ಲ, ನಂಗೂ ಸಾಕಾಗಿದೆ, ನೀನು ಅವಳ ಕೈ ಹಿಡ್ಕೊಂಡು ಒಂದು ಮಾತು ಹೇಳು, ಆಮೇಲೆ ನಾನು ಈ ಜನ್ಮದಲ್ಲಿ ಆ ಸೇತುವೆ ಹೆಸರೆತ್ತಲ್ಲ, ಅಪ್ಪ ಎಲೆಯನ್ನು ನೋಡಿದ, ಕಿಟಕಿಯನ್ನು ನೋಡಿದ, ಇವನನ್ನು ಮಾತ್ರ ನೋಡಲಿಲ್ಲ, ಆಯ್ತು ಅಂದ, ಹೇಳ್ತೀನಿ.

ಹೇಳುತ್ತಾನಂತೆ. ಅವಳ ಮನೆಯ ಜಗುಲಿಯಲ್ಲಿ ಕೂತು, ಅವಳು ಕೊಟ್ಟ ಕಾಫಿ ಕುಡಿದು, ಮಾಡದ್ದಕ್ಕೆ ಕ್ಷಮೆ ಕೇಳುತ್ತಾನೆ, ಕಾಯದವನಿಗೆ ಅವಳು ಅವತ್ತು ಕೈ ಎತ್ತಿದ ಹಾಗೆ, ಕೋಲು ಪಕ್ಕಕ್ಕಿಟ್ಟು ಅವಳು ಕೇಳಿಸಿಕೊಳ್ಳುತ್ತಾಳೆ, ಕೇಳಿಸಿಕೊಳ್ಳುತ್ತಾ ಇವನನ್ನು ನೋಡುತ್ತಾಳೆ, ಇವನು ತಟ್ಟೆ ನೋಡಬೇಕು, ಇನ್ನೊಂದು ಮನೆಯ ಇನ್ನೊಂದು ತಟ್ಟೆ, ಅಯ್ಯೋ ಸುಡಲಿ ಈ ದೇಶ, ಸುತ್ತಲು ಒಂದೇ ರಸ್ತೆ ಇಟ್ಟುಕೊಂಡ ದೇಶ — ಹಾಗಾದ್ರೆ ಕೈ ಎತ್ತಿ, ಮುಗಿಸೋಣ, ಎಂದಳು ಸ್ವಾಲಾ ಶಾಲೆಯ ದನಿಯಲ್ಲಿ, ಯೋರುನ್ ಮನೇಲಿ ಒಂದು ರಾತ್ರಿ, ಯಾರ್ಯಾರು ಒಪ್ಪಿದ್ರಿ, ಮತ್ತೆ ತಾನೇ ಮೊದಲು ಎತ್ತಿದಳು, ಅಮ್ಮ ಎತ್ತಿದಳು, ಉಪ್ಪುನೀರಿಗೆ ಬಿರಿದ ಕೈ, ಅಪ್ಪ ಇಸ್ಪೀಟು ಕೆಳಗಿಟ್ಟು ಎತ್ತಿದ, ಸ್ಟೀರಿಂಗಿನ ಮೇಲಿಂದ ಎತ್ತುವ ಹಾಗೆ, ಮುಂಗೈ ಮಾತ್ರ, ಎಂಟು ವರ್ಷದ ಮೇಲೂ ಕೈಗೆ ಅದೇ ರೂಢಿ, ಮೂವರೂ ಇವನ ಕಡೆ ತಿರುಗಿದ್ದಾರೆ, ಏನೋ, ನಿಂಗೇನು ತೊಂದ್ರೆ, ಓಡ್ಸೋದು ನೀನೇ ತಾನೇ, ಎಂದಳು ಸ್ವಾಲಾ, ಹೂಂ ಅಂದ ಅವನು, ನಾನೇ, ಅವತ್ತೂ ನಾನೇ, ಯಾರದೋ ದನಿಯ ಹಾಗಿತ್ತು, ಅಪ್ಪ ಓಡಿಸ್ತಿರ್ಲಿಲ್ಲ ಅಮ್ಮ, ಅಪ್ಪ ನಿಲ್ಸು ಅಂದ, ನಾನು ನಿಲ್ಲಿಸ್ಲಿಲ್ಲ. ಯಾರ ಕೈಯೂ ಕೆಳಗಿಳಿಯಲಿಲ್ಲ. ಅಮ್ಮ ಇವನನ್ನು ನೋಡುತ್ತಿದ್ದಾಳೆ, ಕೆಳಗಿನಿಂದ ದೀಪ ಹಾಕಿದ ಗಾಜಿನ ಮೇಲಿಟ್ಟು ನೋಡುವ ಹಾಗೆ, ಕೊನೆಗೂ ಕಂಡವಳ ಹಾಗೆ, ಹೊರಗೆ ಹಿಮ, ಒಳಗೆ ಮೂರು ಕೈ, ಅವುಗಳ ಹಿಂದೆ, ಗಾಜಿನ ಹಿಂದೆ, ಇನ್ನೊಂದು, ಬಿಳಿಯ ಮೇಲೆ ಕಂದು ಪಟ್ಟಿ, ನಾಲ್ಕು ಬೆರಳೂ ಒಂದೇ ಚೀಲದಲ್ಲಿ, ಹೆಬ್ಬೆರಳು ಬೇರೆ, ಎತ್ತಿದ ಕೈ, ಕಾದದ್ದಕ್ಕೆ.