ಯಾರ ಪಾಲಿಗೂ ಬರದ ಮುಚ್ಚಳ

ಮನೆಗಾಡಿಯನ್ನು ಕ್ಯಾಂಪ್ ಮೈದಾನದಲ್ಲಿ ಒಂಟಿಯಾಗಿ ಬಿಟ್ಟು ಹೋಗುವುದು ಡ್ರೈವರ್‌ಗೆ ಎಳ್ಳಷ್ಟೂ ಇಷ್ಟವಿರಲಿಲ್ಲ. ಹೊರಡುವ ದಿನ ಬೆಳಿಗ್ಗೆ ಅದರ ಸುತ್ತ ಸುತ್ತಿದ್ದೇ ಸುತ್ತಿದ್ದು. ಚಕ್ರಗಳಿಗೆ ಮರದ ತುಂಡು ಕೊಟ್ಟ. ಗ್ಯಾಸ್ ಮುಚ್ಚಿದ, ಮುಚ್ಚಿದ್ದು ಸಾಲದೆಂದು ಮತ್ತೆ ಬಗ್ಗಿ ತಿರುಗಿಸಿ ನೋಡಿದ. ಬ್ಯಾಟರಿಯ ತಂತಿ ಬಿಚ್ಚಿದ. ಫ್ರಿಜ್ ಖಾಲಿ ಮಾಡಿ, ಒಳಗೆ ಮುಗ್ಗಲು ವಾಸನೆ ಹಿಡಿಯಬಾರದೆಂದು ಅದರ ಬಾಗಿಲ ಸಂದಿಗೆ ತನ್ನ ಹಳೆಯ ಚಪ್ಪಲಿಯೊಂದನ್ನು ಸಿಕ್ಕಿಸಿದ. ಇಷ್ಟಾದರೂ ಅಲ್ಲಿಂದ ಕಾಲು ಕೀಳಲು ಮನಸ್ಸು ಬರಲಿಲ್ಲ.

"ಗಾಡಿ ಎಲ್ಲಿಗೂ ಓಡಿಹೋಗಲ್ಲ, ನಡಿಯೋ" ಎಂದ ಕಂಡಕ್ಟರ್, ಚೀಲ ಹೆಗಲಿಗೇರಿಸಿ.

ಇಬ್ಬರೂ ಒಂದೇ ಬಸ್ಸಿನಲ್ಲಿ ತಲೆ ಬೆಳ್ಳಗಾಗಿಸಿಕೊಂಡವರು. ಒಬ್ಬ ಸ್ಟಿಯರಿಂಗ್ ತಿರುಗಿಸಿದ, ಇನ್ನೊಬ್ಬ ಟಿಕೆಟ್ ಹರಿದ. ಕೆಲಸ ಮುಗಿದ ಮೇಲೆ, ಮದುವೆಯ ತಂಟೆಗೇ ಹೋಗದ ಡ್ರೈವರ್ ಮತ್ತು ಹೆಂಡತಿಯನ್ನು ಕಳೆದುಕೊಂಡ ಕಂಡಕ್ಟರ್ ಸೇರಿ ಒಂದು ಹಳೆಯ ಮೋಟರ್‌ಹೋಮ್ ಕೊಂಡರು. ಒಳಗೇ ಎರಡು ಮಂಚ, ಒಲೆ, ನೀರಿನ ಟ್ಯಾಂಕು. ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟು, ಮನಸ್ಸು ಬಂದಲ್ಲಿ ನಿಲ್ಲಿಸಿಕೊಂಡು ಆರಾಮಾಗಿದ್ದರು. ಆದರೆ ಬಸ್ಸಿನ ಬುದ್ಧಿ ಇಬ್ಬರನ್ನೂ ಬಿಟ್ಟಿರಲಿಲ್ಲ. ಗಾಡಿಯ ಮುಂದಿನ ಅರ್ಧ ಡ್ರೈವರ್‌ನದು, ಹಿಂದಿನ ಅರ್ಧ ಕಂಡಕ್ಟರ್‌ನದು. ಒಬ್ಬನ ಅರ್ಧದಲ್ಲಿ ಇನ್ನೊಬ್ಬ ಮೂಗು ತೂರಿಸುವಂತಿಲ್ಲ. ಕಂಡಕ್ಟರ್ "ರೈಟ್" ಎನ್ನದೆ ಗಾಡಿ ಕದಲುವಂತಿಲ್ಲ, "ಹೋಲ್ಡಾನ್" ಎಂದರೆ ಒಂದಿಂಚೂ ಮುಂದೆ ಹೋಗುವಂತಿಲ್ಲ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ ಇದೇ ಕಟ್ಟಳೆ. ನೋಡಿದವರು ನಗುತ್ತಿದ್ದರು. ನಗುವವರಿಗೇನು, ಅವರು ಬಸ್ಸು ಓಡಿಸಿದವರಲ್ಲ.

ಮೈದಾನದ ಉಸ್ತುವಾರಿ ನೋಡುವ ಹೆಂಗಸು ಗೇಟಿನ ಬಳಿ ಅಡ್ಡ ನಿಂತಳು. ಸೊಂಟದಲ್ಲಿ ಸದಾ ಕೀಲಿಗೊಂಚಲು ಜೋತಾಡುತ್ತಿದ್ದುದರಿಂದ ಇವರಿಬ್ಬರ ಬಾಯಲ್ಲಿ ಆಕೆ ಬೀಗದಮ್ಮ.

"ಒಂದು ಕೀ ನನ್ನ ಹತ್ರ ಬಿಟ್ಟು ಹೋಗಿ. ಮಳೆ ಬಂದ್ರೆ ಕೆರೆ ನೀರು ಗಾಡಿ ನಿಲ್ಲಿಸೋ ಈ ಸಾಲಿನವರೆಗೂ ಬರುತ್ತೆ."

"ಗಾಡಿ ಕೀ ಇನ್ನೊಬ್ಬರ ಕೈಗೆ ಕೊಟ್ಟು ನಂಗೆ ಅಭ್ಯಾಸ ಇಲ್ಲಮ್ಮ" ಎಂದ ಡ್ರೈವರ್.

"ಹಾಗಾದ್ರೆ ಆಮೇಲೆ ನನ್ನ ದೂರಬೇಡಿ."

ರೈಲಿನಲ್ಲಿ ಕಂಡಕ್ಟರ್ ಗೊರಕೆ ಹೊಡೆದ. ಡ್ರೈವರ್‌ಗೆ ಮಾತ್ರ ಕಣ್ಣು ಮುಚ್ಚಲಾಗಲಿಲ್ಲ. ಹೋಗುತ್ತಿದ್ದುದು ಕಂಡಕ್ಟರ್‌ನ ಮಗಳ ಹೊಸ ಮನೆಗೆ. "ಅಪ್ಪಂಗೆ ಅಂತಾನೇ ಒಂದು ರೂಮು ಮಾಡಿಸಿದೀನಿ" ಎಂದು ಆಕೆ ಫೋನಿನಲ್ಲಿ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು. ಅಂದಿನಿಂದ ತಲೆಯಲ್ಲಿ ಒಂದೇ ಪ್ರಶ್ನೆ. ಇವನು ಅಲ್ಲೇ ಉಳಿದುಬಿಟ್ಟರೆ? ಕೇಳಿಬಿಟ್ಟರೆ ಮುಗಿಯುತ್ತಿತ್ತು. ಆದರೆ "ಹೌದು" ಎಂಬ ಉತ್ತರ ಬಂದರೆ ಏನು ಮಾಡುವುದೆಂದು ಅವನಿಗೆ ಗೊತ್ತಿರಲಿಲ್ಲ, ಹಾಗಾಗಿ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಕುಳಿತ.

ರೂಮು ಚೆನ್ನಾಗಿತ್ತು, ಅದೇ ತೊಂದರೆ. ಕಿಟಕಿಯಿಂದ ಬೆಳಕು ಬರುತ್ತಿತ್ತು, ಸ್ನಾನದ ಮನೆಯ ಗೋಡೆಗೆ ಹಿಡಿದುಕೊಳ್ಳಲೆಂದು ಸರಳು ಹಾಕಿಸಿದ್ದರು. ಕಂಡಕ್ಟರ್ ಮಂಚದ ಮೇಲೆ ಕುಳಿತು ಹಾಸಿಗೆಯನ್ನು ಅಂಗೈಯಿಂದ ಒತ್ತಿ ಒತ್ತಿ ನೋಡಿದ.

ಮಗಳು ಡ್ರೈವರ್‌ನನ್ನು ಅಡುಗೆಮನೆಗೆ ಕರೆದಳು. "ಮಾಮ, ಅಪ್ಪನ ಮಂಡಿ ನೀವೇ ನೋಡ್ತಿದೀರಲ್ಲ. ಗಾಡಿ ಮೆಟ್ಟಿಲು ಹತ್ತಿ ಇಳಿಯೋ ವಯಸ್ಸಾ ಅದು? ನಾನು ಹೇಳಿದ್ರೆ ನಗ್ತಾರೆ. ನಿಮ್ಮ ಮಾತು ಕೇಳ್ತಾರೆ. ಇಲ್ಲೇ ಇರಿ ಅಂತ ನೀವೇ ಒಂದು ಮಾತು ಹೇಳಿ."

ಆಕೆಯ ಮಾತಿನಲ್ಲಿ ತಪ್ಪೇನಿರಲಿಲ್ಲ. ತಪ್ಪಿದ್ದಿದ್ದರೆ ಜಗಳವಾಡಬಹುದಿತ್ತು. "ಹೇಳ್ತೀನಮ್ಮ" ಎಂದ ಡ್ರೈವರ್. ಹೇಳಿದನೇ? ಊಟಕ್ಕೆ ಕೂತಾಗ ಬಾಯಿ ತೆರೆದ, ನೀರು ಕುಡಿದು ಮುಚ್ಚಿದ. ಮರುದಿನ ವಾಕಿಂಗ್ ಹೋದಾಗ ಮೋಡದ ವಿಷಯ ಮಾತಾಡಿದ.

ಮೋಡದ ಬಗ್ಗೆ ಹೇಳಿದ್ದೇನೋ ಸರಿಯಾಗಿತ್ತು. ಆ ಸಂಜೆಯೇ ಬೀಗದಮ್ಮನ ಫೋನು ಬಂತು. "ಇಲ್ಲಿ ಜೋರು ಮಳೆ. ನಿಮ್ಮ ಗಾಡಿ ಮೇಲಿನ ಮುಚ್ಚಳ ತೆಗೆದೇ ಇದೆ. ಟಾರ್ಪಾಲು ಹೊದಿಸಿದ್ರೆ ಗಾಳಿ ಎತ್ಕೊಂಡು ಹೋಯ್ತು. ಕೀ ಕೊಟ್ಟು ಹೋಗಿದ್ರೆ ಒಳಗಿಂದ ಎಳೆದು ಹಾಕ್ತಿದ್ದೆ."

ಚಾವಣಿಯ ನಟ್ಟನಡುವೆ ಗಾಳಿಯಾಡಲು ಇರುವ ಮುಚ್ಚಳ ಅದು. ಡ್ರೈವರ್ ಫೋನ್ ಕೆಳಗಿಟ್ಟವನೇ ಗೆಳೆಯನ ಮೇಲೆ ಹರಿಹಾಯ್ದ.

"ಮುಚ್ಚಳ ಹಾಕಿಲ್ವಾ ನೀನು?"

"ನಾನ್ಯಾಕೆ ಹಾಕ್ಲಿ? ಹಿಂದಿನ ಬಾಗಿಲು, ಕಿಟಕಿ, ಟ್ಯಾಂಕು, ಎಲ್ಲ ನೋಡಿದೀನಿ. ಮುಚ್ಚಳ ನಿಂದು."

"ನಂದು ಹೇಗಾಗುತ್ತೆ? ಅದು ಇರೋದು ನಡುವೆ."

"ನಡುವೆ ಇದ್ರೆ ನಂದು ಹೇಗಾಗುತ್ತೆ?"

ಬಸ್ಸಿನ ಚಾವಣಿಯ ಗೊಡವೆ ಅವರಿಗೆ ಎಂದೂ ಇರಲಿಲ್ಲ, ಅದನ್ನು ಡಿಪೋದವರು ನೋಡಿಕೊಳ್ಳುತ್ತಿದ್ದರು. ಹೀಗಾಗಿ ಗಾಡಿಯನ್ನು ಪಾಲು ಮಾಡಿಕೊಂಡಾಗ ಆ ಮುಚ್ಚಳ ಇಬ್ಬರ ಲೆಕ್ಕಕ್ಕೂ ಬಂದಿರಲಿಲ್ಲ. ಇಬ್ಬರೂ ಅದನ್ನು ನೋಡಿದ್ದರು, ಇನ್ನೊಬ್ಬ ಹಾಕುತ್ತಾನೆ ಎಂದುಕೊಂಡಿದ್ದರು.

ಜಗಳ ಮುಚ್ಚಳದ್ದಾಗಿದ್ದರೆ ನಗುವಿನಲ್ಲಿ ಮುಗಿಯುತ್ತಿತ್ತು. ಆದರೆ ಡ್ರೈವರ್‌ನ ಮನಸ್ಸಿನೊಳಗಿನದು ಬೇರೆಯೇ ಇತ್ತಲ್ಲ, ಅದು ಈಗ ದಾರಿ ಸಿಕ್ಕಿತೆಂದು ಹೊರಗೆ ಬಂತು. "ನೀನು ಬರ್ಲೇಬೇಡ. ನಾನೊಬ್ನೇ ಹೋಗ್ತೀನಿ. ನಿಂಗೆ ರೂಮಿದೆ, ಮಂಚ ಇದೆ, ಹಾಯಾಗಿ ಇಲ್ಲೇ ಇರು!"

ಕಂಡಕ್ಟರ್‌ನ ಮುಖ ಸಪ್ಪಗಾಯಿತು. ಬಾಗಿಲಲ್ಲಿ ನಿಂತಿದ್ದ ಮಗಳು ತಲೆ ತಗ್ಗಿಸಿದಳು. ಆಕೆ ಕೇಳಿದ್ದ ಮಾತೇನೋ ಬಂದಿತ್ತು, ಆದರೆ ಹೀಗಲ್ಲ.

ಡ್ರೈವರ್ ಮೈದಾನ ತಲುಪುವ ಹೊತ್ತಿಗೆ ಮಳೆ ನಿಂತು ಬಿಸಿಲು ಬಿದ್ದಿತ್ತು. ಗಾಡಿಯ ಹಿಂಬದಿ ಸ್ವಲ್ಪ ಇಳಿಜಾರಿನ ಕಡೆಗಿದ್ದುದರಿಂದ ನೀರೆಲ್ಲ ಹಿಂದಕ್ಕೆ ಹರಿದಿತ್ತು. ಅವನ ಮಂಚ ಒಣಗಿಯೇ ಇತ್ತು, ಕಂಡಕ್ಟರ್‌ನ ಹಾಸಿಗೆ ಮಾತ್ರ ಹಿಂಡಿದರೆ ನೀರು ಸುರಿಯುವ ಹಾಗಿತ್ತು. ಬೈದುಕೊಳ್ಳುತ್ತಲೇ ಅದನ್ನು ಹೊರಗೆಳೆದು ಬೇಲಿಯ ಮೇಲೆ ಹಾಕಿದ. ನೆಲ ಒರೆಸಿದ. ಮುಚ್ಚಳ ಹಾಕಿದ. ಆಮೇಲೆ ಹಲ್ಲು ಕಚ್ಚಿಕೊಂಡು ಹಿಂದಿನ ಬೀರುವಿನ ಮುಂದೆ ನಿಂತ. ಗೆಳೆಯನ ಸಾಮಾನನ್ನು ಕಟ್ಟಿ ಮಗಳ ಮನೆಗೆ ಕಳಿಸಿಬಿಡುವುದು, ಕಣ್ಣಿಗೆ ಕಾಣದಿದ್ದರೆ ನೆನಪೂ ಕಾಡುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಇನ್ನೊಬ್ಬನ ಅರ್ಧದ ಬೀರು ಅವನು ತೆರೆದದ್ದು ಅದೇ ಮೊದಲು. ಒಳಗೆ ಎಲ್ಲವೂ ಇತ್ತು. ಮಡಿಸಿಟ್ಟ ಅಂಗಿಗಳು, ಸ್ವೆಟರ್, ಗಡ್ಡದ ಸೆಟ್ಟು, ಓದುವ ಕನ್ನಡಕ. ಬಾಗಿಲ ಒಳಬದಿಗೆ ಹೆಂಡತಿಯ ಫೋಟೋ ಅಂಟಿಸಿದ್ದ, ಅದೂ ಅಲ್ಲೇ ಇತ್ತು. ಅವನು ಒಯ್ದದ್ದು ಆ ಸಣ್ಣ ಚೀಲದಲ್ಲಿ ಹಿಡಿಸುವಷ್ಟು ಮಾತ್ರ.

ಉಳಿಯಲು ಹೋದವನು ಹೀಗೆ ಹೋಗುವುದಿಲ್ಲ. ಡ್ರೈವರ್ ಒದ್ದೆ ಮಂಚದ ಅಂಚಿನಲ್ಲಿ ಕುಳಿತ. ಹೋಗಲು ಮನಸ್ಸೇ ಇಲ್ಲದವನನ್ನು ತಾನೇ ಇಲ್ಲಿಂದ ಅಟ್ಟಿದ್ದ. ನಾಚಿಕೆಯಾಯಿತು, ಕಣ್ಣು ತುಂಬಿತು.

ಬೀಗದಮ್ಮ ಹೊರಗಿನಿಂದ ಕೂಗಿದಳು: "ನೆಲ ಮೆತ್ತಗಾಗಿದೆ. ಮೇಲಿನ ಸಾಲಿಗೆ ತಗೊಂಡು ಹೋಗಿ, ಇಲ್ದಿದ್ರೆ ನಾಳೆಗೆ ಚಕ್ರ ಹೂತುಕೊಳ್ಳುತ್ತೆ."

ಬ್ಯಾಟರಿ ಜೋಡಿಸಿ, ಚಕ್ರದ ತುಂಡು ತೆಗೆದು, ಸೀಟಿನಲ್ಲಿ ಕುಳಿತು ಕೀ ತಿರುಗಿಸಿದ. ಇಂಜಿನ್ ಎದ್ದಿತು. ಗೇರ್ ಮೇಲೆ ಕೈಯಿಟ್ಟು ಕಾದ. ಏತಕ್ಕೆ ಕಾಯುತ್ತಿದ್ದೇನೆಂದು ಅವನಿಗೇ ಆಮೇಲೆ ಹೊಳೆಯಿತು.

"ರೈಟ್ ರೈಟ್, ಹೋಗಿ!" ಎಂದಳು ಬೀಗದಮ್ಮ ಕೈಬೀಸಿ.

ಕ್ಲಚ್ ಮೇಲಿನ ಕಾಲು ಏಳಲಿಲ್ಲ. ಜೇಬಿನಿಂದ ಫೋನ್ ತೆಗೆದ.

"ನಿನ್ನ ಬಟ್ಟೆ ಎಲ್ಲ ಇಲ್ಲೇ ಇದೆಯಲ್ಲೋ" ಎಂದ, ಹಲೋ ಕೂಡ ಅನ್ನದೆ.

"ಮತ್ತೆಲ್ಲಿರುತ್ತೆ? ನನ್ನ ಮನೆ ಅದು."

"ನೀನು ಅಲ್ಲೇ ಉಳೀತೀಯ ಅಂದ್ಕೊಂಡೆ."

"ಅಂದ್ಕೊಂಡೆ. ಕೇಳಿದ್ಯಾ?"

ಡ್ರೈವರ್ ಗೇರಿನ ಮೇಲಿಂದ ಕೈ ತೆಗೆದ. ಕಂಡಕ್ಟರ್ ಗಂಟಲು ಸರಿಮಾಡಿಕೊಂಡ. "ಮಗಳ ಹತ್ರ ಮಾತಾಡಿದೀನಿ. ಮಳೆಗಾಲ ಪೂರ್ತಿ ಅವಳ ಮನೇಲಿ ಇರಬೇಕಂತೆ, ನಿಂಗೂ ಒಂದು ಮಂಚ ಹಾಕಿಸ್ತಾಳಂತೆ. ಮಿಕ್ಕಿದ ದಿನ ನಮ್ಮಿಷ್ಟ. ಅವಳಿಗೆ ಪೂರ್ತಿ ಸಮಾಧಾನ ಇಲ್ಲ, ಆದ್ರೂ ಒಪ್ಪಿಕೊಂಡ್ಳು." ತುಸು ಹೊತ್ತು ಕಿವಿಗೊಟ್ಟವನಂತೆ ತಡೆದು, "ಅದೇನು, ಇಂಜಿನ್ ಸದ್ದಾ? ಎಲ್ಲಿಗೆ ಹೊರಟೆ?" ಎಂದ.

"ಮೇಲಿನ ಸಾಲಿಗೆ. ನೆಲ ಮೆತ್ತಗಾಗಿದೆ."

"ರೈಟ್ ಹೇಳಿದ್ಯಾರು?"

"ಯಾರೂ ಇಲ್ಲ."

"ಹಾಗಾದ್ರೆ ಹೋಲ್ಡಾನ್. ಬೆಳಗಿನ ರೈಲಿಗೆ ಬರ್ತೀನಿ."

ಡ್ರೈವರ್ ಇಂಜಿನ್ ನಿಲ್ಲಿಸಿದ. ಬೀಗದಮ್ಮ ಏನೋ ಗೊಣಗಿದಳು, ಅವನ ಕಿವಿಗೆ ಬೀಳಲಿಲ್ಲ. ಇಳಿದು ಚಕ್ರಗಳಿಗೆ ಮರದ ತುಂಡು ವಾಪಸ್ ಕೊಟ್ಟ, ತನ್ನ ಒಣ ಹಾಸಿಗೆಯನ್ನು ಸುರುಳಿ ಸುತ್ತಿ ತಂದು, ಹಿಂದಿನ ಮಂಚದ ಒದ್ದೆ ಒರೆಸಿ ಅದರ ಮೇಲೆ ಗೆಳೆಯನಿಗೆಂದು ಹಾಸಿದ.